ಬಿಂದುಶ್ರೀ ಊದಿದಳು

ಉತ್ತರಹಳ್ಳಿಯ ನಮ್ಮ ವಿಶೇಷ ಮಕ್ಕಳ ಶಾಲೆಯಲ್ಲಿ ಆ ತಿಂಗಳೆಲ್ಲ ನಾನು ಕಲಿಸಿದ್ದು ಒಂದೇ ಪಾಠ: ಗಾಳಿ ವಸ್ತುಗಳನ್ನು ತಳ್ಳುತ್ತದೆ. ಬೀಸಣಿಗೆ ಬೀಸಿ ಕಾಗದದ ದೋಣಿ ಓಡಿಸಿದೆವು, ಮೇಜಿನ ಮೇಲೆ ಹತ್ತಿಯುಂಡೆ ಊದಿದೆವು. ಬಿಂದುಶ್ರೀಗೆ ಮಾತ್ರ ತುಟಿ ಕೂಡಿಸಲು ಬರುತ್ತಿರಲಿಲ್ಲ. ಜೊಲ್ಲು ಸುರಿಯುತ್ತಿತ್ತು, ಉಂಡೆ ಅಲ್ಲೇ ಇರುತ್ತಿತ್ತು.

ಒಂದು ದಿನ ಪಾಠದ ನಡುವೆಯೇ ಜ್ಯೋತ್ಸ್ನಾ ಎಂಬ ದಾನಿ ಮಗನ ಹುಟ್ಟುಹಬ್ಬ ಮಾಡಲು ಬಂದರು. ಇಂಥವರು ಬರುತ್ತಲೇ ಇರುತ್ತಾರೆ. ನಮ್ಮ ಮಕ್ಕಳ ತಲೆಗೆ ಬಣ್ಣದ ಟೋಪಿ ಸಿಕ್ಕಿಸಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಈಕೆ ದೋಣಿಗಳನ್ನು ಪಕ್ಕಕ್ಕೆ ತಳ್ಳಿ ನನ್ನ ಮೇಜಿನ ಮೇಲೆ ಕೇಕ್ ಇಟ್ಟರು.

"ಪಾಠ ನಡೀತಿದೆ ಮೇಡಂ," ಎಂದೆ.

"ಇವಕ್ಕೆಲ್ಲ ಪಾಠ ಏನ್ ಅರ್ಥ ಆಗತ್ತೆ, ಬಿಡಿ. ಕೇಕ್ ತಿಂದು ಖುಷಿಯಾಗಿರ್ಲಿ."

ಇವಕ್ಕಂತೆ! ದನಕರುಗಳೇನು? ಮೈಯೆಲ್ಲ ಉರಿದುಹೋಯಿತು.

ಮೇಣದಬತ್ತಿ ಹಚ್ಚಿದರು. ಮಗ ಕ್ಯಾಮೆರಾ ನೋಡಿ ನಗುತ್ತಿದ್ದ. ಅಷ್ಟರಲ್ಲಿ ಪಕ್ಕದಲ್ಲಿದ್ದ ಬಿಂದುಶ್ರೀ ಬಗ್ಗಿ, ತುಟಿ ಕೂಡಿಸಿ, ಉಫ್ ಎಂದು ಊದಿದಳು. ಬತ್ತಿಗಳೆಲ್ಲ ಆರಿದವು.

"ಅಯ್ಯೋ, ಕೇಕೆಲ್ಲ ಎಂಜಲಾಯ್ತು!" ಜ್ಯೋತ್ಸ್ನಾ ಕಿರುಚಿದರು. "ಯಾರ್ ಹೇಳ್ಕೊಟ್ರು ಇವಳಿಗೆ ಇದನ್ನ?"

"ನಾನೇ. ನಿಮ್ಮ ಮಗ ಊದಿದ್ರೂ ಎಂಜಲೇ ಆಗ್ತಿತ್ತು ಮೇಡಂ."

ಅವರ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡು ಬತ್ತಿಗಳನ್ನು ಮತ್ತೆ ಹಚ್ಚಿದೆ. ಕೇಕನ್ನು ಬಿಂದುಶ್ರೀಯ ಮುಂದಕ್ಕೆ ಸರಿಸಿದೆ.

"ಇನ್ನೊಂದ್ಸಲ ಊದು, ಪುಟ್ಟಿ."