ನಾತ ನಿಂತ ಬಾವಿ

ಕಮಲಾಪುರದ ಆಚೆ, ಕಾಲುವೆ ಪಕ್ಕದ ಬಾಳೆತೋಟದಲ್ಲಿ ಒಂದು ಹಾಳುಬಾವಿ ಇತ್ತು. ಅದರ ನೀರು ಬತ್ತಿ ಎಷ್ಟೋ ವರ್ಷವಾಗಿತ್ತು. ಗೊನೆ ಕಡಿದ ಮೇಲೆ ಉಳಿದ ಬಾಳೆದಿಂಡನ್ನೆಲ್ಲ ಅದರೊಳಗೆ ತಳ್ಳುವುದು ವಾಡಿಕೆ. ತೋಟದ ಒಡೆಯ ಎರ್ರಿಯಪ್ಪನ ಕನಸಿಗೆ ಬರುವವರೆಗೂ ಆ ಬಾವಿಯನ್ನು ಯಾರೂ ನೆನೆದವರಲ್ಲ.

ಕನಸಿನಲ್ಲಿ ಬಾವಿಯ ತಳ ಬೆಳಗುತ್ತಿತ್ತು. ತಾಮ್ರದ ಕೊಡವೊಂದು ಕಂಠದವರೆಗೂ ಬೆಳಕು ತುಂಬಿಕೊಂಡು ಕೂತಿತ್ತು. ನಿದ್ದೆಯಲ್ಲಿ ಅವನು ನಗುವುದನ್ನು ಹೆಂಡತಿ ತಾಯಕ್ಕ ನೋಡುತ್ತಿದ್ದಳು. ಎಚ್ಚರದಲ್ಲಿ ಅವನು ಅಷ್ಟು ಚೆಂದ ನಕ್ಕು ಬಹಳ ದಿನವಾಗಿತ್ತು. ಅವಳು ಎಬ್ಬಿಸುತ್ತಿರಲಿಲ್ಲ.

ಕನಸು ಗೆಳೆಯ ಕೊಟ್ರಯ್ಯನ ಕಿವಿಗೆ ಬಿತ್ತು.

“ಹಂಪಿ ಸೀಮಿ ಮಣ್ಣಲೇ ಇದು! ಸುಮ್ನ ಬೀಳ್ತೈತೇನು ಕನಸು? ಅರಸರ ಕಾಲದ ನಿಧಿ ಐತಿ ನಿನ್ ಬಾವ್ಯಾಗ.”

ತೋಟದಲ್ಲಿ ಯಾರೂ ಇಲ್ಲದ ಮಧ್ಯಾಹ್ನದ ಹೊತ್ತು ನೋಡಿ ಇಬ್ಬರೂ ಕೊಳೆತ ದಿಂಡು ಎತ್ತಿಹಾಕತೊಡಗಿದರು. ಆಳಕ್ಕೆ ಹೋದಂತೆ ಕೊಳೆತ ಮೊಟ್ಟೆಯಂಥ ನಾತ, ತಲೆ ಭಾರ, ಕಣ್ಣು ಉರಿ. ಕೊಟ್ರಯ್ಯ ಇದಕ್ಕೂ ಅರ್ಥ ಹೇಳಿದ. ನಿಧಿ ಕಾಯುವವನು ಮೊದಲು ನಾತವಾಗಿ ಬರುತ್ತಾನಂತೆ. ಅವನು ಒಲಿದ ದಿನ ನಾತ ನಿಲ್ಲುತ್ತದಂತೆ. ಒಲಿಸಲೆಂದು ಮಣ್ಣಿನ ಕುಡಿಕೆಯಲ್ಲಿ ಕೆಂಡ ತುಂಬಿ, ಲೋಬಾನ ಉದುರಿಸಿ ಬಾವಿಗೆ ಇಳಿಬಿಡುತ್ತಿದ್ದರು.

ಒಂದು ಸಂಜೆ ಸ್ನಾನಕ್ಕೆ ನೀರು ಹಾಕುವಾಗ ತಾಯಕ್ಕ ಗಂಡನ ಸೊಂಟ ನೋಡಿ ಬೆಚ್ಚಿದಳು. ಬೆಳ್ಳಿಯ ಉಡಿದಾರ ಕಾಡಿಗೆಯಂತೆ ಕಪ್ಪಾಗಿತ್ತು.

“ಕಾಯೋನು ಮುಟ್ಟ್ಯಾನ. ಒಲಿಯಾಕ ಹತ್ಯಾನ,” ಎಂದ ಎರ್ರಿಯಪ್ಪ ಖುಷಿಯಿಂದ.

ತಾಯಕ್ಕನಿಗೆ ಖುಷಿಯಾಗಲಿಲ್ಲ. ಪಕ್ಕದ ಮನೆಯ ಸುಮಂಗಲಾಳನ್ನು ಕರೆತಂದಳು. ಸುಮಂಗಲಾ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಗಂಡ ತೀರಿಕೊಂಡ ಮೇಲೆ ಕಂಪ್ಲಿಯಿಂದ ತವರಿಗೆ ಬಂದವಳು, ಮಾತು ಕಡಿಮೆ. ಉಡಿದಾರವನ್ನು ಬೆಳಕಿಗೆ ಹಿಡಿದು ನೋಡಿದಳು.

“ಎರ್ರಿಯಪ್ಪಣ್ಣಾ, ಯಾರೂ ಮುಟ್ಟಿಲ್ಲ. ದಿಂಡು ಕೊಳೆತು ಹುಟ್ಟಿದ ವಿಷಗಾಳಿ ಇದು. ಬೆಳ್ಳೀನ ಹಿಂಗ ಸುಡೋ ಗಾಳಿ ನಿಮ್ ಎದಿಯೊಳಗ ಏನ್ ಮಾಡ್ತಿರಬೇಕು?”

“ಟೀಚರಮ್ಮಾ, ಸಾಲಿ ಬಿಟ್ ಮ್ಯಾಲೂ ಪಾಠ ಶುರು ಮಾಡಿದ್ರೇನು? ಆತು, ನಾಳೆ ನಾತ ನಿಂತ್ರ?”

“ನಿಂತ್ರ ಇನ್ನೂ ಅಂಜಬೇಕು. ಗಾಳಿ ಜಾಸ್ತಿ ಆದಂಗ ಮೊದ್ಲು ಮೂಗು ಸೋಲ್ತೈತಿ. ನಾತ ಅಲ್ಲೇ ಇರ್ತೈತಿ, ನಮಗ ತಿಳಿಯಂಗಿಲ್ಲ.”

“ಕೆಂಡ ಇಳಿಬಿಡ್ತೀವಲ್ಲ. ಅದು ಆರದಿದ್ರ ಒಳ್ಳೇ ಗಾಳಿ ಐತಿ ಅಂತಾನೇ ಅಲ್ಲೇನು?”

“ಕೆಂಡಾನೂ ವಿಷಗಾಳಿ ಬಿಡ್ತೈತಿ, ಅದಕ್ಕ ವಾಸನೀನೂ ಇಲ್ಲ. ಕೆಲವು ಗಾಳಿಗೆ ಕಿಡಿ ತಾಕಿದ್ರ ಸಿಡೀತಾವ. ದೀಪ ಉರಿದ್ರೂ ನಂಬಬ್ಯಾಡ್ರಿ.”

“ಏ, ನಿಧಿ ಸಿಕ್ರ ನಿನಗೂ ಒಂದ್ ಸರ ಮಾಡಿಸ್ತೀನಿ ಬಿಡವಾ.”

“ಸಿಕ್ಕಿದ್ದನ್ನ ಸರ್ಕಾರಕ್ಕ ತಿಳಿಸಬೇಕಣ್ಣಾ. ಮುಚ್ಚಿಟ್ಟುಕೊಂಡ್ರ ಜೈಲು.” ಅಷ್ಟು ಹೇಳಿ ಎದ್ದು ಹೋದಳು.

ಎರ್ರಿಯಪ್ಪ ಕೇಳಲಿಲ್ಲ. ನಾಳೆ ಒಂದೇ ದಿನ ಎಂದ. ಮರುದಿನ ಭಾನುವಾರ ತಾಯಕ್ಕ ಬಾವಿ ಹಗ್ಗ ತಂದು ಅವನ ಹೆಗಲಿಗೆ ಹಾಕಿದಳು. “ಇದನ್ನ ಎದಿಗೆ ಕಟ್ಟಿಕೊಳ್ಳದ ಇಳಿದ್ರ ನನ್ ಮ್ಯಾಲ ಆಣಿ.”

“ಎಮ್ಮಿ ಕಟ್ಟಿದಂಗ ಕಟ್ತೀಯಲ್ಲಲೇ!” ಎಂದು ನಗುತ್ತಲೇ ಹೋದ.

ಆದರೂ ಅವಳಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಸುಮಂಗಲಾಳನ್ನು ಕರೆದುಕೊಂಡು ತೋಟಕ್ಕೆ ಹೊರಟಳು. ಬಾಳೆಎಲೆಗಳ ಸಂದಿಯಿಂದ ಬಿಸಿಲು ಹಸಿರಾಗಿ ಇಳಿಯುತ್ತಿತ್ತು. ಕಾಲುವೆಯ ನೀರು ನಿದ್ದೆಯಲ್ಲಿ ಹರಿಯುವಂತಿತ್ತು. ಕೊಟ್ರಯ್ಯ ಬಾವಿಯ ಕಟ್ಟೆಯ ಮೇಲೆ ಬಾಗಿದ್ದ. ಒಳಗಿಳಿದ ಎರ್ರಿಯಪ್ಪನ ಎದೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ತೆಂಗಿನ ಮರಕ್ಕೆ ಬಿಗಿದಿದ್ದ.

“ತಾಯಕ್ಕಾ, ನಾತ ನಿಂತೈತಿ! ಒಲಿದ!”

ತಾಯಕ್ಕನಿಗೆ ಮಾತ್ರ ಆ ನಾತ ಕಟ್ಟೆಯ ಹತ್ತಿರ ಬರುತ್ತಲೇ ಮುಖಕ್ಕೆ ರಾಚಿತು. ಕೊಟ್ರಯ್ಯನ ಮೂಗು ಸೋತಿತ್ತು. ಮೇಲಿದ್ದವನ ಮೂಗೇ ಸೋತಿದ್ದರೆ ಕೆಳಗಿದ್ದವನದು?

“ಏನ್ರೀ, ಮ್ಯಾಲ ಬರ್ರಿ!” ಎಂದು ಕೂಗಿದಳು.

ಕೆಳಗಿನಿಂದ ಮಾತು ನಿಧಾನವಾಗಿ, ಜೋಗುಳ ಕೇಳುವ ಮಗುವಿನ ಮಾತಿನಂತೆ ಬಂತು. “ಬೆಳಕು ಕಾಣ್ತೈತಿ... ಮಸ್ತ್ ಐತಿ...” ಆಮೇಲೆ ಏನೂ ಕೇಳಲಿಲ್ಲ.

ಕೊಟ್ರಯ್ಯ ಅಂಗಿ ಕಿತ್ತೆಸೆದು ಬಾವಿಗೆ ಕಾಲು ಚಾಚಿದ. ಸುಮಂಗಲಾ ಅವನ ರಟ್ಟೆ ಹಿಡಿದಳು.

“ಬಿಡ್ರಿ! ನನ್ ಗೆಳೆಯಾ ಅವ!”

“ನಮ್ಮನೆಯವ್ರೂ ಇದ ಮಾತು ಹೇಳಿ ಇಳಿದ್ರು. ಗೆಳೆಯನ್ನ ಎತ್ತಾಕ,” ಎಂದಳು ಸುಮಂಗಲಾ. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಇಬ್ರೂ ಮ್ಯಾಲ ಬರಲಿಲ್ಲ. ಹಗ್ಗ ಹಿಡೀರಿ, ಕೊಟ್ರಯ್ಯಣ್ಣಾ.”

ಕೊಟ್ರಯ್ಯ ಕಾಲು ಹಿಂದಕ್ಕೆ ತೆಗೆದ.

ಸುಮಂಗಲಾ 112ಕ್ಕೆ ಫೋನ್ ಹಚ್ಚಿ, ಎಲ್ಲಿ, ಏನಾಗಿದೆ ಎಂದು ಹೇಳಿದಳು. ಪಕ್ಕದ ತೋಟದಲ್ಲಿ ನೀರು ಕಟ್ಟುತ್ತಿದ್ದವರು ಕೂಗು ಕೇಳಿ ಓಡಿಬಂದರು. ಸುಮಂಗಲಾ ಯಾರನ್ನೂ ಬಾವಿಗೆ ಬಗ್ಗಲು ಬಿಡದೆ, ಕಟ್ಟೆಯಿಂದ ದೂರ ನಿಲ್ಲಿಸಿ ಹಗ್ಗ ಎಳೆಸಿದಳು. ತಾಯಕ್ಕನ ಅಂಗೈ ಸುಲಿದು ಹಗ್ಗ ಕೆಂಪಾಯಿತು. ಅದು ಅವಳಿಗೆ ತಿಳಿಯಲಿಲ್ಲ. ಎರ್ರಿಯಪ್ಪ ಮೇಲೆ ಬಂದಾಗ ಅವನ ಮುಖದಲ್ಲಿ ಅದೇ ಕನಸಿನ ನಗು ಇತ್ತು. ತಾಯಕ್ಕನಿಗೆ ಆ ನಗು ಕಂಡು ಮೊದಲ ಸಲ ಭಯವಾಯಿತು. ಅವನನ್ನು ಎಬ್ಬಿಸಬೇಕಿತ್ತು.

ದೂರ ಒಯ್ದು ಗಾಳಿಗೆ ಮಲಗಿಸಿದರು. ಉಸಿರು ಎಳೆಯಷ್ಟೇ ಇತ್ತು. ಅಷ್ಟರಲ್ಲಿ ಆಂಬುಲೆನ್ಸ್ ಬಂತು.

ಹೊಸಪೇಟೆಯ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಎರಡನೆಯ ದಿನ ಅವನು ಸರಿಯಾಗಿ ಕಣ್ಣು ತೆರೆದ.

“ಯಾರೂ ಹಿಡೀಲಿಲ್ಲಲೇ, ಹೊಡೀಲಿಲ್ಲ,” ಎಂದ ಹೆಂಡತಿಗೆ. “ನಿದ್ದಿ ಬಂದಂಗಾತು ಅಷ್ಟ. ಸಾವು ಅಷ್ಟು ಮೆತ್ತಗಿರ್ತೈತಿ ಅಂತ ಗೊತ್ತಿರಲಿಲ್ಲ.”

ಕೊಟ್ರಯ್ಯನೇ ಟ್ರ್ಯಾಕ್ಟರ್ ತಂದು ಬಾವಿಗೆ ಮಣ್ಣು ತುಂಬಿಸಿದ. ಎರ್ರಿಯಪ್ಪನಿಗೆ ಈಗಲೂ ಒಮ್ಮೊಮ್ಮೆ ಆ ಕೊಡ ಕನಸಿಗೆ ಬರುತ್ತದೆ. ಕೈ ಚಾಚುವಷ್ಟರಲ್ಲಿ ಮೇಲಿನಿಂದ ಯಾರೋ ಏನ್ರೀ ಎಂದು ಕೂಗುತ್ತಾರೆ. ಕಣ್ಣು ಬಿಟ್ಟರೆ ತಾಯಕ್ಕ ಅವನ ಭುಜ ಅಲ್ಲಾಡಿಸುತ್ತಿರುತ್ತಾಳೆ. ಈಗ ಅವಳು ಎಬ್ಬಿಸುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಧಿಯ ಮಾತು ನಂಬಿ ನೆಲ ಅಗೆಯಬೇಡಿ. ಹಾಳುಬಾವಿ, ಕಾಳು ತುಂಬಿಡುವ ನೆಲದ ಹಗೇವು, ಶೌಚದ ಗುಂಡಿ ಯಾವುದೇ ಇರಲಿ, ಒಳಗಿನ ಗಾಳಿಯನ್ನು ಯಂತ್ರದಿಂದ ಪರೀಕ್ಷಿಸದೆ ಯಾರೂ ಇಳಿಯಬಾರದು. ಮೂಗು ನಂಬಬೇಡಿ, ದೀಪ ನಂಬಬೇಡಿ, ಧೂಪ ಹಾಕಬೇಡಿ. ಹಗ್ಗ ಕಟ್ಟಿದ್ದೇವೆ ಎಂಬ ಧೈರ್ಯವೂ ಬೇಡ. ಎರ್ರಿಯಪ್ಪ ಬದುಕಿದ್ದು ಕೂದಲೆಳೆಯಲ್ಲಿ. ಒಳಗೆ ಯಾರಾದರೂ ಕುಸಿದರೆ, ಅವರು ಎಷ್ಟೇ ಬೇಕಾದವರಾಗಿದ್ದರೂ, ಹಿಂದೆಯೇ ಇಳಿಯಬೇಡಿ. ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ, ಸಾಧ್ಯವಿದ್ದರೆ ಮೇಲಿನಿಂದಲೇ ಎಳೆಯಿರಿ.

ಅವರನ್ನು ಎಳೆಯಲು ಮೇಲೆ ನೀವಿರಬೇಕು.