ಬೆಳಗೋಡು ಬಹಳ ಹತ್ತಿರ

ಮೈಸೂರಿನ ಸುನಿಲ್‌ಕುಮಾರನಿಗೆ ಮಕ್ಕಳ ಜ್ಞಾನಾಭಿವೃದ್ಧಿಯ ಬಗ್ಗೆ ಅಪಾರ ಕಾಳಜಿ. ಭಾನುವಾರ ಬಂತೆಂದರೆ ಇಬ್ಬರು ಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು, ಒಂದೇ ದಿನದಲ್ಲಿ ಹೋಗಿಬರುವ ಜಾಗ ಯಾವುದೆಂದು ಸಭೆ ನಡೆಸುತ್ತಿದ್ದ. ಶ್ರೀರಂಗಪಟ್ಟಣದಲ್ಲಿ ಬಿಸಿಲು. ಸೋಮನಾಥಪುರದಲ್ಲಿ ಬರೀ ಕಲ್ಲು. ರಂಗನತಿಟ್ಟಿನ ಹಕ್ಕಿಗಳಿಗೆ ಟಿಕೆಟ್ ಕೊಂಡವರ ಹತ್ತಿರ ಬರುವಷ್ಟೂ ಸೌಜನ್ಯವಿಲ್ಲ. ಹೀಗೆ ಅಳೆದು ತೂಗಿ ಕೊನೆಗೆ ಅವನು ಆರಿಸುತ್ತಿದ್ದದ್ದು ಮೂರೂವರೆ ಗಂಟೆ ದಾರಿಯ ಬೆಳಗೋಡನ್ನು. ಅಲ್ಲಿ ಹೆಂಡತಿ ಚೈತ್ರಶ್ರೀಯ ತಮ್ಮ ಮಹೇಶನ ಮನೆಯಿತ್ತು, ಸಣ್ಣದೊಂದು ಕಾಫಿ ತೋಟವಿತ್ತು. ಮುಖ್ಯವಾಗಿ, ಮಹೇಶನ ಹೆಂಡತಿ ಶೀಲಾಳ ಕೈಯಡುಗೆ ಇತ್ತು.

ಈ ಸಲವೂ ದಾರಿಯಿಂದಲೇ ಸುನಿಲ್‌ಕುಮಾರನ ಫೋನ್ ಬಂತು. "ಆಲೂರು ದಾಟಿದ್ವಿ ಶೀಲಾ. ಏನೂ ವಿಶೇಷ ಮಾಡ್ಬೇಡಮ್ಮ. ಸುಮ್ನೆ ಕೋಳಿ ಸಾರು, ಕಡುಬು ಸಾಕು."

ಕಾಫಿ ಕೊಯ್ಲಿನ ಕಾಲ. ಶೀಲಾ ಕಣದಲ್ಲಿ ಹಣ್ಣು ಹರಡುವುದನ್ನು ಬಿಟ್ಟು ಒಲೆ ಮುಂದೆ ಕೂತಳು. ಊಟ ಮುಗಿಸಿದ ಸುನಿಲ್‌ಕುಮಾರ ಜಗಲಿಯ ಮೇಲೆ ಕಾಲು ಚಾಚಿ ಒಂದು ಸುತ್ತು ಗೊರಕೆ ಹೊಡೆದೆದ್ದು, ಮತ್ತೆ ಕಣಕ್ಕಿಳಿದ ಅವಳನ್ನು ನೋಡಿ ನಿಟ್ಟುಸಿರಿಟ್ಟ. "ನಿಮ್ದೇ ಬದುಕು ಬಿಡಮ್ಮ. ವರ್ಷವಿಡೀ ರಜಾ ಇದ್ದಹಾಗೆ."

ಹೊರಡುವಾಗ ವಾಡಿಕೆಯಂತೆ, ಕಾರು ಚಾಲೂ ಆದ ಮೇಲೆ, "ನೀವೂ ಒಂದ್ಸಲ ಬನ್ನಿ" ಎಂದ.

ಶೀಲಾ ಕಿಟಕಿಗೆ ಬಗ್ಗಿದಳು. "ಬರೋ ಭಾನುವಾರನೇ ಬತ್ತೀವಿ ಕಣಣ್ಣ."

ಮಹೇಶ ಬೆಚ್ಚಿಬಿದ್ದ. "ಕೊಯ್ಲು ನಡೀತೈತಲ್ಲೇ ಮಾರಾಯ್ತಿ!"

"ಒಂದಿನ ಬಿಟ್ರೆ ಹಣ್ಣು ಎದ್ದು ಓಡೋಗ್ಬುಡ್ತವಾ?"

ಮಾತಿನಂತೆ ಭಾನುವಾರ ಮಗ ಗುರುವನ್ನೂ ಮಗಳನ್ನೂ ಕಟ್ಟಿಕೊಂಡು ದಂಪತಿ ಮೈಸೂರಿನಲ್ಲಿ ಇಳಿದರು. ಬಾಗಿಲು ತೆರೆದ ಸುನಿಲ್‌ಕುಮಾರನ ಮುಖಕ್ಕೆ ನಗು ಬರಲು ತುಸು ಹೊತ್ತು ಹಿಡಿಯಿತು. "ಅರಮನೇಲಿ ಇವತ್ತು ಭಾರಿ ಜನ. ಮೃಗಾಲಯದಲ್ಲಿ ನಡೆದೂ ನಡೆದೂ ಕಾಲು ಬಿದ್ದೋಗತ್ತೆ. ಮನೇಲೇ ಆರಾಮಾಗಿ ಟಿವಿ ನೋಡೋಣ."

ಗುರು ತನ್ನ ಓರಗೆಯ ಮೈಸೂರು ಹುಡುಗನನ್ನು ಕೇಳಿದ. "ಜಿರಾಫೆ ಎಷ್ಟೆತ್ರ ಐತೋ?"

"ನಂಗೇನ್ ಗೊತ್ತು? ನಾವು ನೋಡೇ ಇಲ್ಲ."

ಚೈತ್ರಶ್ರೀ ಅಡುಗೆಮನೆಯಿಂದ ಹೊರಬಂದಳು. "ಕೇಳಿಸ್ತೇನ್ರಿ? ಹುಟ್ಟಿದ ಊರಿನ ಜಿರಾಫೆ ನೋಡಿಲ್ಲ ನಿಮ್ಮ ಮಕ್ಕಳು. ಏಳಿ."

ಮೃಗಾಲಯದಲ್ಲಿ ನಾಲ್ಕು ಮಕ್ಕಳು ನಾಲ್ಕು ದಿಕ್ಕಿಗೆ ಓಡಿದರು. ನೀರಿನ ಬಾಟಲಿಗಳನ್ನು ಹೊತ್ತ ಸುನಿಲ್‌ಕುಮಾರ ಅವರ ಹಿಂದೆ ಜ್ಞಾನಾಭಿವೃದ್ಧಿ ಮಾಡಿಸುತ್ತ ಏದುಸಿರು ಬಿಟ್ಟ. ಮಹೇಶ ಆನೆಗಳ ಎದುರಿಗೊಂದು ಬೆಂಚು ಹಿಡಿದು, ಭಾವ ಬೆಳಗೋಡಿನಲ್ಲಿ ಕಲಿಸಿಕೊಟ್ಟಂತೆಯೇ ಗೊರಕೆ ಹೊಡೆದ.

ಮರದ ನೆರಳಲ್ಲಿ ಶೀಲಾ, ಚೈತ್ರಶ್ರೀ ಇಬ್ಬರೇ ಉಳಿದರು. ಸೇಡು ತೀರಿತೆಂದು ಶೀಲಾ ಒಳಗೊಳಗೇ ಹಿಗ್ಗುತ್ತಿದ್ದಳು. ಆಗ ಚೈತ್ರಶ್ರೀ ಮೆಲ್ಲಗೆ ಹೇಳಿದಳು. "ನಾವು ಬಂದಾಗೆಲ್ಲ ನಿಂಗೆಷ್ಟು ಕಷ್ಟ ಅಂತ ಗೊತ್ತು ಕಣೆ. ಬೇಡ ಅಂದ್ರೆ ಇವರು ಕೇಳ್ಬೇಕಲ್ಲ. ನಂಗೂ ತವರು ನೋಡೋ ಆಸೆ, ಬಾಯಿ ಮುಚ್ಕೊಂಡು ಕಾರು ಹತ್ತಿಬಿಡ್ತಿದ್ದೆ."

ಶೀಲಾಳ ಹಿಗ್ಗು ಇಳಿಯಿತು. "ನೀವು ಬರೋದು ಬ್ಯಾಡ ಅಂತ ನಾನ್ಯಾವತ್ತು ಅಂದಿದೀನಕ್ಕ?"

ಮುಂದಿನ ಭಾನುವಾರ ಮೈಸೂರಿನ ಮಕ್ಕಳಿಬ್ಬರೂ ಮತ್ತೆ ಮೃಗಾಲಯವೆಂದು ಹಟ ಹಿಡಿದರು. ಸುನಿಲ್‌ಕುಮಾರ ಊದಿದ ಕಾಲಿನಲ್ಲೇ ಹೊರಟ. ಚೈತ್ರಶ್ರೀ ಬಸ್ಸಿನಲ್ಲಿ ಒಬ್ಬಳೇ ತವರಿಗೆ ಬಂದಳು. ಮಧ್ಯಾಹ್ನಕ್ಕೆ ಅವಳೂ ಶೀಲಾಳೂ ಚಿತ್ರಾನ್ನ ಕಲಸಿಕೊಂಡು ತಿಂದು, ಸಂಜೆಯ ಬಸ್ಸಿನವರೆಗೂ ಮಾತು ಮುಗಿಸಲಿಲ್ಲ.