ನೆಲ ಮುಟ್ಟದ ಬಲಗಾಲು

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು, ಆಮೇಲೆ ಆ ಕೆಮ್ಮು, ಅವರದೇ, ಬಂದರು, ಬಂದೇಬಿಟ್ಟರು ನನ್ನ ಹತ್ತಿರ ಸಮಾಲೋಚನೆಗೆ ಬರುವ ಬಸ್ ಡ್ರೈವರು — ಈ ನಗುವನ್ನು ಎಲ್ಲಿ ಬಚ್ಚಿಡಲಿ, ಆಪ್ತಸಮಾಲೋಚಕಿ ಆಗುವವಳು ಲಾಟರಿ ಹೊಡೆದವಳ ಹಾಗೆ ಹಲ್ಲು ಕಿರಿಯಬಾರದು, ಮನೇಲಿ ಒಬ್ಬರ ಮಾತೂ ಕಿವಿಗೆ ಹಾಕ್ಕೊಳ್ಳದವಳು ಊರವರ ಮಾತು ಕೇಳೋಕೆ ಎಂ.ಎಸ್ಸಿ. ಮಾಡ್ತಾಳಂತೆ ಎನ್ನುತ್ತಾಳೆ ಅಮ್ಮ, ಇವತ್ತು ಕೇಳ್ತೀನಿ ನೋಡಮ್ಮ, ಹೋದ ವಾರ ಕೇಳಲಿಲ್ಲ, ಬರೀ ಪಾಠ ಒಪ್ಪಿಸಿದೆ — ಅವರ ಬಸ್ಸಿನ ಅಪಘಾತದ ಮಾತು ಬಂದೊಡನೆ ಅವರ ಉಸಿರು ಏರಿತು, ನಾನೋ ತರಗತಿಯಲ್ಲಿ ಗೆಳತಿಯರ ಮೇಲೆ ಪ್ರಯೋಗಿಸಿ ಭೇಷ್ ಅನ್ನಿಸಿಕೊಂಡ ಅದೇ ಇಂಪಾದ ದನಿಯಲ್ಲಿ, ಎರಡೂ ಪಾದ ನೆಲಕ್ಕೆ ಒತ್ತಿ, ಗಟ್ಟಿಯಾಗಿ ಒತ್ತಿ, ನೀವು ಇಲ್ಲೇ ಇದ್ದೀರಿ, ಎಂದೆ, ಗಾಬರಿಯಾದವರನ್ನು ಈ ಕ್ಷಣಕ್ಕೆ ಕರೆತರುವ ಅತಿ ಸುಲಭದ ಅಭ್ಯಾಸವಂತೆ ಅದು, ಅವರು ಒತ್ತಿದರು, ಬೆವೆತರು, ಕೆಂಡ ತುಳಿದವರಂತೆ ಬಲಗಾಲು ಮೇಲೆತ್ತಿಕೊಂಡರು, ಕೂತೇ ಇದ್ದರು ಹಾಗೆ, ಆಮೇಲೆ ಎದ್ದು ಹೋದರು, ಗಾಜಿನ ಆಚೆ ಕೂತು ನೋಡುತ್ತಿದ್ದ, ನಮಗೆ ಕಲಿಸುವ ಮೇಡಂ ಒಳಗೆ ಬಂದು, ಡ್ರೈವರ್‌ಗೆ ಬಲಗಾಲು ಒತ್ತಿ ಅಂದ್ರೆ ಏನಮ್ಮ ಅರ್ಥ, ಎಂದಷ್ಟೇ ಕೇಳಿದರು, ಬ್ರೇಕು, ಅಯ್ಯೋ ಬ್ರೇಕು, ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತ್ತು — ಇನ್ಮೇಲೆ ಯಾರ ಹತ್ರಾನೂ ಹೋಗಲ್ಲ ಅಂತಾರೆ, ನಿದ್ದೇನೂ ಇಲ್ಲ, ಎಂದಿದ್ದರು ಅವರ ಹೆಂಡತಿ ಫೋನಿನಲ್ಲಿ, ಬರೋದು ಬಿಡೋದು ಅವರಿಷ್ಟ ಅಕ್ಕ, ತಪ್ಪು ನನ್ನದು ಅಂತ ಮಾತ್ರ ಹೇಳಿ, ಎಂದಿದ್ದೆ.

ಬಾಗಿಲು ತೆರೆಯಿತು, ಕುರ್ಚಿ ನೀವೇ ಆರಿಸಿ ಅಂದೆ, ಬಾಗಿಲ ಪಕ್ಕದ್ದರಲ್ಲಿ ಕೂತರು, ಬಲಗಾಲು ನೆಲಕ್ಕೆ ತಾಗಿಸದೆ, ಹೋಗಬೇಕೆಂದರೆ ಹೋಗಲು ಸುಲಭ, ಇರಲಿ, ಅವತ್ತು ಕಾಲು ಒತ್ತಿ ಅಂತ ನಾನು ಹೇಳಬಾರದಿತ್ತು, ಎಂದೆ, ದನಿ ಗೊಗ್ಗರು, ಇಂಪು ಗಿಂಪು ಎಲ್ಲ ಮಾಯ, ಅವರು ಕಾಲನ್ನೇ ನೋಡುತ್ತಾ, ಪೂರ್ತಿ ಒತ್ತಿದ್ದೆ ಕಣಮ್ಮ, ಬ್ರೇಕ್ ಹಿಡೀಲಿಲ್ಲ, ಯಾರೂ ನಂಬಲ್ಲ — ಹೇಳಿದರು, ಹೆಂಡತಿಗೂ ಹೇಳದ್ದನ್ನು ನನಗೆ ಹೇಳಿದರು, ಕುಣಿಯಬೇಕು ಅನಿಸುತ್ತಿದೆ, ಅಳುವೂ ಬರುತ್ತಿದೆ, ಓದಿದ್ದೆಲ್ಲ ನಾಲಿಗೆ ತುದಿಗೆ ನುಗ್ಗುತ್ತಿದೆ, ತೆಪ್ಪಗಿರು, ಈಗ ಒಂದೇ ಮಾತು, ನಾನು ನಂಬ್ತೀನಿ, ಎಂದೆ — ಅವರು ಎದ್ದು ಹೋಗುತ್ತಿಲ್ಲ, ಬಲಗಾಲು ಗಾಳಿಯಲ್ಲೇ ಇದೆ, ಇಳಿಯುತ್ತಿದೆ, ಹಿಮ್ಮಡಿ ನೆಲಕ್ಕೆ ತಾಗಿತು, ಬೆರಳುಗಳು ಇನ್ನೂ ಮೇಲೆ, ಬೆರಳುಗಳು ಇನ್ನೂ ಮೇಲೆ